ಚಳಿಗಾಲದ ಕೈತೋಟ: ಹೂ ಬಿಡದ ಸೇವಂತಿಗೆ, ಕಾಯಿ ಕಟ್ಟದ ಅವರೆ, ಎಲ್ಲಿ ಏನು ತಪ್ಪಿದೆ?

ದೀಪಾವಳಿ ಕಳೆದು ಬೆಳಿಗ್ಗೆ ಇಬ್ಬನಿ ಬೀಳಲು ಶುರುವಾದರೆ ನಮ್ಮ ಬಯಲುಸೀಮೆಯ ಕೈತೋಟಗಳಿಗೆ ಸುಗ್ಗಿ. ಸೇವಂತಿಗೆ, ಚೆಂಡುಹೂ, ಅವರೆ, ಬಟಾಣಿ, ಹೂಕೋಸು, ಮೂಲಂಗಿ, ಟೊಮ್ಯಾಟೊ, ಸೊಪ್ಪುಗಳು, ಎಲ್ಲಕ್ಕೂ ಇದೇ ಕಾಲ. ಆದರೆ ಇದೇ ಕಾಲದಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಏನು ಗೊತ್ತಾ? "ಗಿಡ ಚೆನ್ನಾಗಿದೆ, ಆದ್ರೆ ಏನೂ ಬಿಡ್ತಿಲ್ಲ."

ಬೆಂಗಳೂರು, ಮೈಸೂರು, ತುಮಕೂರು, ಕೋಲಾರದ ಕಡೆ ಜನವರಿಯ ರಾತ್ರಿ ಕೂಡ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬೆಂಗಳೂರಿನ ದಾಖಲೆಯ ಚಳಿ ಎಂದರೆ 1884ರ ಜನವರಿಯ 7.8 ಡಿಗ್ರಿ. ಹಾಗಾಗಿ ಗಿಡ ಸೊರಗಿದರೆ "ಈ ಸಲ ಚಳಿ ಜಾಸ್ತಿ" ಎಂದು ಸುಮ್ಮನಾಗಬೇಡಿ. ನಮ್ಮ ಚಳಿ ಗಿಡ ಕೊಲ್ಲುವಷ್ಟು ಇರುವುದಿಲ್ಲ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ತೊಂದರೆ ಬರುವುದು ಬೆಳಕಿನಿಂದ ಮತ್ತು ನೀರಿನಿಂದ. ಅದಕ್ಕೇ ಹುಡುಕುವ ಕ್ರಮ ಹೀಗಿರಲಿ: ಮೊದಲು ಬೆಳಕು, ಆಮೇಲೆ ನೀರು, ಆಮೇಲೆ ಹುಳು, ಕೊನೆಗೆ ರೋಗ. ಮೊದಲ ಎರಡಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಔಷಧಿ ಬಾಟಲಿ ತೆಗೆಯುವ ಮುಂಚೆ ಅವೆರಡನ್ನು ನೋಡಿಯೇ ಮುಂದೆ ಹೋಗಿ.

ಗಿಡ ಹಚ್ಚಗೆ ಸೊಂಪಾಗಿದೆ, ಮೊಗ್ಗೇ ಇಲ್ಲ

ನಮ್ಮ ಮನೆಯ ತಾರಸಿಯಲ್ಲಿ ಒಂದು ವರ್ಷ ಹನ್ನೆರಡು ಕುಂಡ ಸೇವಂತಿಗೆ ಇಟ್ಟಿದ್ದೆ. ಒಂದೇ ತಾಯಿಗಿಡದ ಸಸಿಗಳು, ಒಂದೇ ಮಣ್ಣು, ಒಂದೇ ಗೊಬ್ಬರ. ನವೆಂಬರ್ ಕೊನೆಗೆ ನೀರಿನ ಟ್ಯಾಂಕಿನ ಹಿಂದಿದ್ದ ನಾಲ್ಕು ಕುಂಡಗಳಲ್ಲಿ ಬಟಾಣಿ ಗಾತ್ರದ ಮೊಗ್ಗು ತುಂಬಿಕೊಂಡಿತ್ತು. ಬೀದಿ ಕಡೆಯ ಎಂಟರಲ್ಲಿ ಬರೀ ಎಲೆ. ಗೊಬ್ಬರ ಹಾಕಿದೆ, ಇನ್ನಷ್ಟು ಎಲೆ ಬಂತು. ಕೋಲಾರದ ಕಡೆಯಿಂದ ಬಂದಿದ್ದ ಅಮ್ಮ ಒಂದು ರಾತ್ರಿ ಒಣಗಿದ ಬಟ್ಟೆ ತರಲು ಮೇಲೆ ಹೋದವರು ಕೆಳಗೆ ಬಂದು ಹೇಳಿದರು: "ಆ ದೀಪದ ಬೆಳಕಲ್ಲಿ ಗಿಡ ಹೆಂಗೆ ಮಲಗುತ್ತೆ ಕಣೇ?" ಹೋಗಿ ನೋಡಿದೆ. ಬೀದಿಗೆ ಹೊಸದಾಗಿ ಹಾಕಿದ್ದ ಬಿಳಿ ಎಲ್‌ಇಡಿ ದೀಪದ ಬೆಳಕು ಕೈಪಿಡಿ ಗೋಡೆ ದಾಟಿ ನೇರ ಆ ಎಂಟು ಕುಂಡಗಳ ಮೇಲೆ ಬೀಳುತ್ತಿತ್ತು. ಟ್ಯಾಂಕಿನ ನೆರಳು ಉಳಿದ ನಾಲ್ಕನ್ನು ಕಾಪಾಡಿತ್ತು.

ರಾತ್ರಿ ಹೊತ್ತು ಗಿಡ ಮಲಗಿರುತ್ತದೆ, ಹೂ ಕೀಳಬಾರದು ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಸೇವಂತಿಗೆಯ ಮಟ್ಟಿಗೆ ಅದು ಅಕ್ಷರಶಃ ನಿಜ. ಸೇವಂತಿಗೆ ಮೊಗ್ಗು ಕಟ್ಟಲು ಉದ್ದದ, ಮುರಿಯದ ಕತ್ತಲೆ ಬೇಕು. ಬೆಂಗಳೂರಿನಲ್ಲಿ ಜೂನ್‌ನ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನ ಹಗಲು ಸುಮಾರು 11 ಗಂಟೆ 20 ನಿಮಿಷ. ರಾತ್ರಿ ಇಷ್ಟು ಉದ್ದವಾದದ್ದನ್ನೇ ಗಿಡ ಗುರುತಿಸಿ ಮೊಗ್ಗಿಗೆ ಇಳಿಯುತ್ತದೆ. ಮಧ್ಯರಾತ್ರಿ ಬೆಳಕು ಬಿದ್ದರೆ ಆ ಲೆಕ್ಕ ತಪ್ಪುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ಕಂಡಿರಬಹುದು. ರೈತರು ಬೇಕೆಂದೇ ಹೂವನ್ನು ತಡೆದು, ಒಳ್ಳೆ ಬೆಲೆ ಸಿಗುವ ಹೊತ್ತಿಗೆ ಬರಿಸುವ ಉಪಾಯ ಅದು. ನಮ್ಮ ತಾರಸಿಯಲ್ಲಿ ಅದೇ ಕೆಲಸವನ್ನು ಬೀದಿದೀಪ ಮಾಡಿಬಿಡುತ್ತದೆ.

ಪರೀಕ್ಷೆ ಸುಲಭ. ರಾತ್ರಿ ಒಂಬತ್ತಕ್ಕೆ ಮನೆಯ ದೀಪ ಆರಿಸಿ ಕುಂಡದ ಪಕ್ಕ ನಿಲ್ಲಿ. ಎಲೆಯ ಮೇಲೆ ಕೈ ಹಿಡಿಯಿರಿ. ಕೈ ನೆರಳು ಸ್ಪಷ್ಟವಾಗಿ ಬಿದ್ದರೆ ಬೆಳಕು ಜಾಸ್ತಿ ಇದೆ. ಕುಂಡವನ್ನು ಕತ್ತಲೆ ಬದಿಗೆ ಸರಿಸಿ, ಅಷ್ಟೇ ಸಾಕು. ಸರಿಸಲು ಜಾಗ ಇಲ್ಲದಿದ್ದರೆ ನಾಲ್ಕು ಕೋಲು ನೆಟ್ಟು ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗೆ ದಪ್ಪ ಕಪ್ಪು ಬಟ್ಟೆ ಹೊದಿಸಿ. ದಿನ ತಪ್ಪಿಸಬಾರದು. ಮೂರು ನಾಲ್ಕು ವಾರದಲ್ಲಿ ಮೊಗ್ಗು ಕಾಣುತ್ತದೆ, ಮೊಗ್ಗಿನಲ್ಲಿ ಬಣ್ಣ ಇಣುಕುವವರೆಗೂ ಹೊದಿಸುತ್ತಿರಿ. ಆ ವರ್ಷ ನನ್ನ ಎಂಟು ಕುಂಡಗಳೂ ಫೆಬ್ರವರಿಯಲ್ಲಿ ಹೂ ಬಿಟ್ಟವು. ಬೀದಿದೀಪಕ್ಕೆ ಬಟ್ಟೆ ಕಟ್ಟುವುದು, ತಂತಿ ಮುಟ್ಟುವುದು ಮಾತ್ರ ಬೇಡವೇ ಬೇಡ, ಪ್ರಾಣಕ್ಕೆ ಅಪಾಯ.

ರಾತ್ರಿ ಕತ್ತಲೆ ಸರಿ ಇದ್ದೂ ಮೊಗ್ಗಿಲ್ಲವಾ? ಹಾಗಾದರೆ ಹಗಲಿನ ಬಿಸಿಲು ನೋಡಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಡು ಮಧ್ಯಾಹ್ನವೂ ನೆತ್ತಿಯ ಮೇಲೆ ಬರುವುದಿಲ್ಲ. ತಾರಸಿಯ ದಕ್ಷಿಣದ ಗೋಡೆ 4 ಅಡಿ ಇದ್ದರೆ ಮಧ್ಯಾಹ್ನ ಅದರ ನೆರಳು ಸುಮಾರು 3 ಅಡಿ ಒಳಗೆ ಬರುತ್ತದೆ. ಜೂನ್‌ನಲ್ಲಿ ಸುಡು ಬಿಸಿಲಿದ್ದ ಜಾಗ ಈಗ ನೆರಳಿನಲ್ಲಿದೆ ಎಂಬುದು ಎಷ್ಟೋ ಜನರ ಗಮನಕ್ಕೇ ಬಂದಿರುವುದಿಲ್ಲ. ಬೆಳಿಗ್ಗೆ ಒಂಬತ್ತು, ಹನ್ನೆರಡು, ಮೂರು ಗಂಟೆಗೆ ಒಂದೊಂದು ಫೋಟೊ ತೆಗೆದು ನೋಡಿ. ಹೂವಿನ ಗಿಡಕ್ಕೂ ಕಾಯಿ ಬಿಡುವ ಗಿಡಕ್ಕೂ ಕಡಿಮೆ ಎಂದರೂ ಐದಾರು ಗಂಟೆ ನೇರ ಬಿಸಿಲು ಬೇಕು. ಬಿಸಿಲು ಸಾಲದ ಗಿಡ ಒಂದು ಕಡೆಗೆ ವಾಲುತ್ತದೆ. ಗೆಣ್ಣು ಗೆಣ್ಣಿನ ನಡುವೆ ಉದ್ದವಾಗುತ್ತದೆ, ಎಲೆ ಬಣ್ಣ ತಿಳಿಯಾಗುತ್ತದೆ.

ಎಲೆ ಕಡು ಹಸಿರಾಗಿ, ಅಗಲವಾಗಿ, ಮೆತ್ತಗೆ ಇದ್ದರೆ ಕಥೆ ಬೇರೆ. ಅದು ಸಾರಜನಕ ಹೆಚ್ಚಾದ ಗುರುತು. ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ವಾರವಾರ ಹಾಕುವವರ ತೋಟದಲ್ಲಿ ಇದು ಸಾಮಾನ್ಯ. ಹಿಂಡಿ, ಸಗಣಿ ನೀರು ಎಲ್ಲ ಒಂದು ತಿಂಗಳು ನಿಲ್ಲಿಸಿ. ಕುಂಡಕ್ಕೆ ಒಂದೆರಡು ಚಮಚ ಸೌದೆ ಬೂದಿ ಒಂದೇ ಸಲ ಕೊಡಿ, ಜಾಸ್ತಿ ಬೇಡ. ಇನ್ನೊಂದು ಮಾತು: ಸೇವಂತಿಗೆಯ ಕುಡಿ ಚಿವುಟುವುದನ್ನು ಆಗಸ್ಟ್ ಕೊನೆಗೆ ನಿಲ್ಲಿಸಬೇಕು. ಅಕ್ಟೋಬರ್‌ನಲ್ಲಿ ಚಿವುಟಿದರೆ ಮೊಗ್ಗನ್ನೇ ಚಿವುಟಿದಂತೆ.

ಅವರೆ ಬಳ್ಳಿ ಚಪ್ಪರ ತುಂಬಿದೆ, ಹೂವಿಲ್ಲ

ಇದನ್ನು ದೋಷ ಎಂದು ಕರೆಯುವ ಮುಂಚೆ ತಿಂಗಳು ನೋಡಿ. ನಾಟಿ ಅವರೆ ಕೂಡ ಹಗಲು ಚಿಕ್ಕದಾಗುವುದನ್ನೇ ಕಾಯುವ ಗಿಡ. ಜೂನ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಹೂ ಬರುವುದು ಅಕ್ಟೋಬರ್, ನವೆಂಬರ್‌ಗೇ. ಸೆಪ್ಟೆಂಬರ್‌ನಲ್ಲಿ ಹೂವಿಲ್ಲ ಎಂದು ಬಳ್ಳಿ ಕಿತ್ತವರನ್ನು ನೋಡಿದ್ದೇನೆ, ನನಗೆ ನಿಜಕ್ಕೂ ಸಂಕಟವಾಯಿತು. ಸಂಕ್ರಾಂತಿಗೆ ಹಿತಕಿದ ಬೇಳೆ ಸಾರಾಗಬೇಕಿದ್ದ ಬಳ್ಳಿ ಅದು. ಕಾಯಲು ಮನಸ್ಸಿಲ್ಲದಿದ್ದರೆ ಹೆಬ್ಬಾಳ ಅವರೆ 3 ಮತ್ತು 4, ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳಿವೆ. ಇವು ಪೊದೆಯಂತೆ ಬೆಳೆದು, ಹಗಲಿನ ಉದ್ದ ನೋಡದೆ ಹೂ ಬಿಡುತ್ತವೆ. ಕುಂಡಕ್ಕೂ ಇವೇ ವಾಸಿ.

ಡಿಸೆಂಬರ್ ಬಂದರೂ ನಾಟಿ ಅವರೆಯಲ್ಲಿ ಹೂವಿಲ್ಲ ಎಂದರೆ ಮೇಲಿನ ಮೂರೇ ಕಾರಣ: ರಾತ್ರಿ ದೀಪ, ಹಗಲು ನೆರಳು, ಹಿಂಡಿ ಜಾಸ್ತಿ.

ಮೊಗ್ಗು, ಹೂ, ಎಳೆಗಾಯಿ ಉದುರುತ್ತಿದೆ

ಅವರೆ, ಬಟಾಣಿ ಜಾತಿಯ ಗಿಡಗಳು ತಾವು ಬಿಟ್ಟ ಹೂವಿನಲ್ಲಿ ಬಹಳಷ್ಟನ್ನು ತಾವೇ ಉದುರಿಸುತ್ತವೆ. ನೆಲದ ಮೇಲೆ ಹೂ ಕಂಡ ಕೂಡಲೇ ಹೆದರಬೇಡಿ. ಗೊಂಚಲಿನ ಬುಡದಲ್ಲಿ ಎಳೆಗಾಯಿ ಕಚ್ಚಿಕೊಂಡಿದ್ದರೆ ಎಲ್ಲ ಸರಿಯಾಗಿದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೂರು ದಿನ ಮೋಡ, ಜಿಟಿಜಿಟಿ ಮಳೆ ಹಿಡಿದಾಗ ಉದುರುವುದು ಹೆಚ್ಚುತ್ತದೆ. ಬಿಸಿಲು ಬಂದ ಮೇಲೆ ನಿಲ್ಲುತ್ತದೆ.

ಪೂರ್ತಿ ಗೊಂಚಲು ಬೋಳಾಗುತ್ತಿದ್ದರೆ ಒಂದು ಬಿಳಿ ಹಾಳೆ ತನ್ನಿ. ಗೊಂಚಲಿನ ಕೆಳಗೆ ಹಿಡಿದು ಮೇಲಿನಿಂದ ಎರಡು ಸಲ ತಟ್ಟಿ. ಹಾಳೆಯ ಮೇಲೆ ದಾರದ ಚೂರಿನಂಥ ಸಣ್ಣ ಹುಳುಗಳು ಓಡಿದರೆ ಅದು ಥ್ರಿಪ್ಸ್. ಚುಕ್ಕೆಯಂತೆ ಕೆಂಪಗೆ ನಿಧಾನ ಸರಿದರೆ ನುಸಿ. ಇನ್ನು ಕುಡಿಯ ಸುತ್ತ ಕಪ್ಪು ಹೇನು ಮುತ್ತಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಬಳ್ಳಿಯ ಮೇಲೆ ಇರುವೆ ಸಾಲು ಹತ್ತಿದರೆ ಮೇಲೆಲ್ಲೋ ಹೇನಿದೆ ಎಂದೇ ತಿಳಿಯಿರಿ, ಅದರ ಸಿಹಿ ಅಂಟಿಗೆ ಇರುವೆ ಬರುತ್ತದೆ.

ಹೇನಿಗೆ ಮೊದಲ ಮದ್ದು ನೀರು. ಪೈಪಿನ ಬಾಯಿಗೆ ಬೆರಳಿಟ್ಟು ಜೋರಾಗಿ ಹಾಯಿಸಿ, ಎರಡು ಮೂರು ದಿನ ಬೆಳಿಗ್ಗೆ. ಅದಕ್ಕೆ ಬಗ್ಗದಿದ್ದರೆ, ಥ್ರಿಪ್ಸ್ ಇದ್ದರೆ, ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಕರಗಲು ಸ್ವಲ್ಪ ಸೋಪಿನ ನೀರು. ವಾರಕ್ಕೊಮ್ಮೆಯಂತೆ ಮೂರು ಸಲ. ಸಂಜೆ ಮಾತ್ರ ಸಿಂಪಡಿಸಿ. ಬೆಳಿಗ್ಗೆ ಹೂವಿಗೆ ಜೇನು ಬರುತ್ತದೆ, ಬಿಸಿಲಲ್ಲಿ ಎಣ್ಣೆ ಎಲೆ ಸುಡುತ್ತದೆ.

ಕಾಯಿ ಬಲಿತ ಮೇಲೆ ತೂತು, ತೂತಿನ ಬಾಯಲ್ಲಿ ಹಿಕ್ಕೆ ಕಂಡರೆ ಕಾಯಿಕೊರಕ. ಕೈಯಲ್ಲಿ ಆರಿಸುವುದೇ ಒಳ್ಳೆಯದು. ತೂತಿಲ್ಲ, ಆದರೆ ಒಳಗೆ ಕಾಳು ಸುಕ್ಕಿದ್ದರೆ ರಸ ಹೀರುವ ತಿಗಣೆ. ಇಬ್ಬನಿ ಆರುವ ಮುಂಚೆ ಹೋಗಿ, ಚಳಿಗೆ ಅವು ಮಂಕಾಗಿ ಕೂತಿರುತ್ತವೆ. ಸೋಪಿನ ನೀರಿನ ಬಕೆಟ್ ಹಿಡಿದು ಬಳ್ಳಿ ಒದರಿದರೆ ಒಳಗೇ ಬೀಳುತ್ತವೆ.

ಎಲೆ ಹಳದಿಯಾಗಿದೆ, ಮಣ್ಣು ಹಸಿ ಇದ್ದರೂ ಗಿಡ ಬಾಡುತ್ತಿದೆ

ಬಾಡಿದ ಗಿಡ ಕಂಡರೆ ಕೈ ತಾನಾಗಿ ಮಗ್ಗಿಗೆ ಹೋಗುತ್ತದೆ. ದಯವಿಟ್ಟು ತಡೆಯಿರಿ. ಚಳಿಗಾಲದಲ್ಲಿ ಗಿಡ ಬಾಡುವುದು ನೀರು ಕಡಿಮೆಯಾಗಿ ಅಲ್ಲ, ಹೆಚ್ಚಾಗಿಯೇ ಜಾಸ್ತಿ. ಏಪ್ರಿಲ್‌ನಲ್ಲಿ ದಿನಕ್ಕೆರಡು ಸಲ ಕುಡಿಯುತ್ತಿದ್ದ ಕುಂಡಕ್ಕೆ ಈಗ ಎರಡು ಮೂರು ದಿನಕ್ಕೊಮ್ಮೆ ಸಾಕಾಗಬಹುದು.

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಒಳಗೆ ತಣ್ಣಗೆ, ಅಂಟಾಗಿ ಇದ್ದರೆ ಇವತ್ತು ನೀರು ಬೇಡ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಿದ ಕುಂಡಗಳಲ್ಲಿ ಇದು ಇನ್ನೂ ಮುಖ್ಯ. ಅದರ ಮೇಲ್ಪದರ ಒಣಗಿ ತಿಳಿ ಕಂದು ಆಗಿರುತ್ತದೆ, ಒಳಗೆ ಹಿಂಡಿದರೆ ನೀರು ಸುರಿಯುತ್ತದೆ. ಕುಂಡ ಎತ್ತಿ ನೋಡುವುದೂ ಒಳ್ಳೆ ಅಭ್ಯಾಸ, ತೂಕ ಸುಳ್ಳು ಹೇಳುವುದಿಲ್ಲ.

ಮುಂದಿನ ಹೆಜ್ಜೆ ತಳದ ತೂತು. ಒಂದು ಕಡ್ಡಿಯಿಂದ ಕೆಳಗಿನಿಂದ ಚುಚ್ಚಿ. ಬೇರು, ಮಣ್ಣು ಸೇರಿ ತೂತು ಕಟ್ಟಿದ್ದರೆ ನೀರು ಹರಿದು ಬರುತ್ತದೆ. ಕುಂಡವನ್ನು ಎರಡು ಇಟ್ಟಿಗೆ ಮೇಲೆ ಕೂರಿಸಿ. ತಾರಸಿಗೂ ಒಳ್ಳೆಯದು, ಕೆಳಗಿನ ಮನೆಯ ಸೂರಿಗೂ ಒಳ್ಳೆಯದು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ, ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡುವುದು.

ಇಷ್ಟಾದರೂ ಬಾಡುತ್ತಿದ್ದರೆ ಗಿಡವನ್ನು ಮಣ್ಣಿನ ಹೆಂಟೆ ಸಮೇತ ಮೆಲ್ಲಗೆ ಹೊರತೆಗೆದು ಬೇರು ನೋಡಿ. ಬಿಳಿ ಬೇರು ಎಂದರೆ ಜೀವ ಇದೆ, ಎರಡು ದಿನ ಮಣ್ಣು ಆರಲು ಬಿಟ್ಟರೆ ಸುಧಾರಿಸುತ್ತದೆ. ಬೇರು ಕಂದಾಗಿ, ಎಳೆದರೆ ಸಿಪ್ಪೆ ಜಾರಿ, ಹುಳಿ ವಾಸನೆ ಬಂದರೆ ಕೊಳೆತಿದೆ. ಕೊಳೆತದ್ದನ್ನು ಕತ್ತರಿಸಿ, ಮರಳು ಬೆರೆಸಿದ ಹೊಸ ಮಣ್ಣಿಗೆ ಟ್ರೈಕೋಡರ್ಮಾ (ಬೇರು ಕೊಳೆಸುವ ರೋಗಾಣುಗಳನ್ನು ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಸೇರಿಸಿ ನೆಡಬಹುದು. ಅರ್ಧಕ್ಕಿಂತ ಹೆಚ್ಚು ಬೇರು ಹೋಗಿದ್ದರೆ ಆ ಗಿಡದ ಆಸೆ ಬಿಡಿ. ಸೇವಂತಿಗೆಯಾದರೆ ಚೆನ್ನಾಗಿರುವ ಕುಡಿಯೊಂದನ್ನು ಕತ್ತರಿಸಿ ಮರಳಿಗೆ ಚುಚ್ಚಿಡಿ, ತಳಿ ಉಳಿಯುತ್ತದೆ.

ಟೊಮ್ಯಾಟೊ, ಬದನೆ ಗಿಡ ಹಳದಿಯಾಗದೆ, ಹಸಿರಿದ್ದ ಹಾಗೇ ಒಂದೆರಡು ದಿನದಲ್ಲಿ ಜೋತು ಬಿದ್ದರೆ ಬೇರೆ ಅನುಮಾನ ಪಡಬೇಕು. ಬುಡದ ಹತ್ತಿರದಿಂದ ಎರಡು ಇಂಚು ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಇಲ್ಲಿಗೆ ನಿಲ್ಲಿಸಿ. ಇದಕ್ಕೆ ಮದ್ದಿಲ್ಲ. ಗಿಡ, ಮಣ್ಣು ಎರಡನ್ನೂ ಚೀಲಕ್ಕೆ ಕಟ್ಟಿ ಹೊರಗೆ ಹಾಕಿ, ಕಾಂಪೋಸ್ಟ್‌ಗೆ ಬೇಡ. ಚಾಕು, ಕೈ, ಕುಂಡ ಸೋಪಿನಲ್ಲಿ ತೊಳೆಯಿರಿ. ನೆಲದಲ್ಲಿ ಬೆಳೆದಿದ್ದರೆ ಆ ಜಾಗಕ್ಕೆ ಮತ್ತೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬೇಡಿ. ಮುಂದಿನ ಸಲ ಅರ್ಕಾ ರಕ್ಷಕ್‌ನಂಥ ತಡೆಯುವ ಶಕ್ತಿ ಇರುವ ತಳಿ ಹುಡುಕಿ.

ಟೊಮ್ಯಾಟೊ ಕಾಯಿಯ ತುದಿ ಕಪ್ಪು, ಎಲೆ ಮುದುಡು

ಕಾಯಿಯ ಕೆಳತುದಿ ಕಪ್ಪಾಗಿ, ಚಪ್ಪಟೆಯಾಗಿ, ಚರ್ಮದಂತೆ ಗಟ್ಟಿಯಾದರೆ ಅದು ರೋಗ ಅಲ್ಲ. ಕಾಯಿಗೆ ಸುಣ್ಣದ ಅಂಶ ತಲುಪಿಲ್ಲ. ಹೆಚ್ಚಾಗಿ ಮಣ್ಣಿನಲ್ಲಿ ಸುಣ್ಣ ಇರುತ್ತದೆ, ನೀರು ಒಂದು ದಿನ ತುಂಬ, ನಾಲ್ಕು ದಿನ ಇಲ್ಲ ಎನ್ನುವಂತಾದರೆ ಮೇಲೇರುವುದಿಲ್ಲ. ನೀರು ಹದವಾಗಿ ಕೊಡಿ, ಮಣ್ಣಿಗೆ ಒಣಗಿದ ಎಲೆ ಹೊದಿಸಿ. ಮುಂದಿನ ಗೊಂಚಲು ಸರಿಹೋಗುತ್ತದೆ.

ಕೆಳಗಿನ ಹಳೆ ಎಲೆ ಮಾತ್ರ ಮೇಲಕ್ಕೆ ಸುತ್ತಿಕೊಂಡು ಗಿಡ ಬೆಳೆಯುತ್ತಿದ್ದರೆ ಚಿಂತೆ ಬೇಡ. ಹೊಸ ಕುಡಿಯೇ ಮುದುಡಿ, ಸಣ್ಣಗಾಗಿ, ಗಿಡ ಕುಳ್ಳಾಗಿ ನಿಂತರೆ ಬಿಳಿನೊಣ ತಂದ ವೈರಸ್. ಅದನ್ನು ಕಿತ್ತುಬಿಡಿ, ಪಕ್ಕದ ಗಿಡಗಳಾದರೂ ಉಳಿಯಲಿ. ಎಳೆಯ ಗಿಡದ ಎಲೆಯಡಿ ನೇರಳೆ ಬಣ್ಣ ಕಂಡರೆ ತಣ್ಣನೆ ಮಣ್ಣಿನಲ್ಲಿ ಬೇರು ರಂಜಕ ಎಳೆದುಕೊಳ್ಳಲು ಕಷ್ಟಪಡುತ್ತಿದೆ ಎಂದರ್ಥ. ಬಿಸಿಲೇರಿದಂತೆ ತಾನೇ ಹೋಗುತ್ತದೆ.

ಮೋಡ, ಮಂಜು ಮುಸುಕಿದ ವಾರದಲ್ಲಿ ಎಲೆ ಮೇಲೆ ನೀರಲ್ಲಿ ನೆನೆದಂಥ ಕಪ್ಪು ಮಚ್ಚೆ ಬಂದು ದಿನಕ್ಕೆ ದುಪ್ಪಟ್ಟಾದರೆ ಅಂಗಮಾರಿ. ಮಚ್ಚೆ ಎಲೆ ತೆಗೆದು ಸುಮ್ಮನೆ ಕಾಯಬೇಡಿ, ಅದೇ ದಿನ ಸಲಹೆ ಕೇಳಿ. ಇದು ಓಡುವ ರೋಗ.

ಎಲೆ ಮೇಲೆ ಬಿಳಿ ಹಿಟ್ಟು

ಬಟಾಣಿ, ಮೆಂತ್ಯ, ಗುಲಾಬಿಯಲ್ಲಿ ಜನವರಿಗೆ ಬೂದಿರೋಗ ಬರುತ್ತದೆ. ಬೆರಳಲ್ಲಿ ಒರೆಸಿ ನೋಡಿ. ಬಂದರೆ ಬೂದಿರೋಗ. ಮೇಲೆ ಹಳದಿ ಮಚ್ಚೆ, ಅಡಿಯಲ್ಲಿ ಬೂಷ್ಟು ಇದ್ದರೆ ಅದು ಬೇರೆ, ಎಲೆ ಒದ್ದೆಯಾಗಿ ಉಳಿದದ್ದಕ್ಕೆ ಬಂದದ್ದು. ಎರಡಕ್ಕೂ ಮೊದಲು ಹಿಡಿದ ಎಲೆ ತೆಗೆಯಿರಿ, ಗಿಡಗಳ ನಡುವೆ ಗಾಳಿ ಆಡಲು ಬಿಡಿ, ನೀರನ್ನು ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕಿ. ಬೂದಿರೋಗ ಹರಡುತ್ತಿದ್ದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2ರಿಂದ 3 ಗ್ರಾಂ. ಬೇವಿನ ಎಣ್ಣೆ ಸಿಂಪಡಿಸಿ ಎರಡು ವಾರ ಆಗುವ ಮುಂಚೆ ಗಂಧಕ ಬೇಡ, ಎಲೆ ಸುಟ್ಟುಹೋಗುತ್ತದೆ.

ಹೂಕೋಸು ಗುಂಡಿಯಷ್ಟೇ, ಮೂಲಂಗಿಯಲ್ಲಿ ಬರೀ ಸೊಪ್ಪು

ಹೂಕೋಸು ನಿಂಬೆಗಾತ್ರಕ್ಕೇ ನಿಂತರೆ ಸಸಿ ಟ್ರೇನಲ್ಲೇ ಮುದಿಯಾಗಿತ್ತು. 25ರಿಂದ 30 ದಿನದ ಸಸಿ ನೆಡಬೇಕು. ಮೂರು ತಿಂಗಳಾದರೂ ಗಡ್ಡೆಯೇ ಕಟ್ಟದಿದ್ದರೆ ಉತ್ತರದ ಚಳಿಗೆ ಮಾಡಿದ ತಳಿ ಇರಬಹುದು. ಎಲೆಯನ್ನು ಪಲ್ಯ ಮಾಡಿ ತಿನ್ನಿ, ಬೀಜದ ಪೊಟ್ಟಣ ಓದಿ ಮುಂದಿನ ಸಲ ಕೊಳ್ಳಿ. ಎಲೆಯಲ್ಲಿ ಕಿಟಕಿಯಂತೆ ತೆಳು ಪೊರೆ ಉಳಿದ ತೂತು, ಮುಟ್ಟಿದರೆ ನೂಲು ಬಿಟ್ಟು ಜಾರುವ ಹಸಿರು ಹುಳು ಕಂಡರೆ ಬೇವಿನ ಬೀಜದ ಪುಡಿ ಲೀಟರಿಗೆ 40 ಗ್ರಾಂ ರಾತ್ರಿ ನೆನೆಸಿ, ಸೋಸಿ ಸಿಂಪಡಿಸಿ. ಪಕ್ಕದಲ್ಲಿ ಸಾಸಿವೆ ಬಿತ್ತಿದರೆ ಆ ಚಿಟ್ಟೆ ಮೊದಲು ಅಲ್ಲಿಗೆ ಹೋಗುತ್ತದೆ.

ಮೂಲಂಗಿಯಲ್ಲಿ ಬರೀ ಸೊಪ್ಪಾದರೆ ಒತ್ತಾಗಿದೆ ಅಥವಾ ಗೊಬ್ಬರ ಜಾಸ್ತಿ. ನಾಲ್ಕು ಬೆರಳು ಅಂತರಕ್ಕೆ ಕಿತ್ತು ತೆಳ್ಳಗೆ ಮಾಡಿ. ಕವಲೊಡೆದರೆ ಕಲ್ಲು ಅಥವಾ ಹಸಿ ಗೊಬ್ಬರ, ಸೀಳಿದರೆ ನೀರು ಏರುಪೇರು, ಬೆಂಡಾದರೆ ಕೀಳುವುದು ತಡವಾಗಿದೆ. ಕೊತ್ತಂಬರಿ ಮೊಳಕೆಗೆ ಎರಡು ವಾರ ಬೇಕಾಗಬಹುದು. ಬೀಜವನ್ನು ಎರಡು ಹೋಳಾಗಿ ಉಜ್ಜಿ, ಒಂದು ರಾತ್ರಿ ನೆನೆಸಿ ಹಾಕಿ.

ಔಷಧಿ ಹಿಡಿಯುವ ಮುಂಚೆ, ಸಲಹೆಗೆ ಹೋಗುವ ಮುಂಚೆ

ಕೀಟನಾಶಕದ ಡಬ್ಬಿ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ತಿನ್ನುವ ಗಿಡ ಇರುವ ಮನೆಗೆ ಕೆಂಪು, ಹಳದಿ ಬಣ್ಣದವನ್ನು ತರಲೇಬೇಡಿ. ಸಿಂಪಡಿಸಿದ ಮೇಲೆ ಎಷ್ಟು ದಿನ ಕೊಯ್ಯಬಾರದು ಎಂದು ಲೇಬಲ್‌ನಲ್ಲಿ ಬರೆದಿರುತ್ತದೆ, ಅಷ್ಟು ದಿನ ಸೊಪ್ಪು ಕೂಡ ಮುಟ್ಟಬೇಡಿ. ಮಾಸ್ಕ್, ಕೈಗವಸು ಹಾಕಿ, ಗಾಳಿಗೆ ಬೆನ್ನು ಕೊಟ್ಟು ಸಿಂಪಡಿಸಿ. ನೀರಿನ ಬಾಟಲಿ, ಜ್ಯೂಸ್ ಬಾಟಲಿಗೆ ಔಷಧಿ ತುಂಬಿಡುವುದು ಬೇಡ, ಮಕ್ಕಳು ಕುಡಿದುಬಿಡುತ್ತಾರೆ. ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗದೆ ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ. ಹಳೆ ಕುಂಡದ ರಾಶಿ, ಇಟ್ಟಿಗೆ ಸಂದಿಗೆ ಬರಿಗೈ ಹಾಕಬೇಡಿ, ಹಾವು ಚೇಳು ಇದ್ದೀತು.

ಒಂದೇ ವಾರದಲ್ಲಿ ಮೂರಕ್ಕಿಂತ ಹೆಚ್ಚು ಗಿಡಕ್ಕೆ ಹರಡಿದರೆ, ಎರಡು ಸಲ ಬೇವಿನ ಎಣ್ಣೆ ಹಾಕಿಯೂ ಬಗ್ಗದಿದ್ದರೆ, ಅಂಗಮಾರಿ ಅನುಮಾನ ಇದ್ದರೆ ಮನೆಮದ್ದು ನಿಲ್ಲಿಸಿ. ಹೋಬಳಿಯ ರೈತ ಸಂಪರ್ಕ ಕೇಂದ್ರ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಇಲಾಖೆ, ಬೆಂಗಳೂರಿನವರಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಎಲ್ಲಿ ಬೇಕಾದರೂ ಕೇಳಬಹುದು. ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹೋಗುವಾಗ ಇಡೀ ಗಿಡದ್ದು, ಎಲೆಯ ಅಡಿಯದ್ದು, ಬೇರಿನದ್ದು ಫೋಟೊ ಇರಲಿ. ಯಾವ ದಿನ ಏನು ಹಾಕಿದಿರಿ ಎಂದು ಬರೆದುಕೊಳ್ಳಿ. ಪೂರ್ತಿ ಸತ್ತ ಎಲೆ ಬೇಡ, ರೋಗ ಈಗ ತಾನೇ ಹಿಡಿದ ಎಲೆ ಬೆಳಿಗ್ಗೆ ಕಿತ್ತು ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ದಾರಿಯಲ್ಲೇ ಬೆವತು ಕೊಳೆತು, ನೋಡುವವರಿಗೆ ನಿಜವಾದ ಗುರುತೇ ಸಿಗುವುದಿಲ್ಲ.